ಮಾವುತ ಏನು ಮಾಡಬೇಕಿತ್ತು?

(ಬೇಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಇಟ್ಟವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ವರ್ಷಕ್ಕೊಮ್ಮೆಯಾದರೂ ಮಕ್ಕಳ ವಿಷಯ ಮಾತಾಡಿಸಿ, ಸಾಹಿತ್ಯವೇ ಆಗಬೇಕೆಂದಿಲ್ಲ ಅಂದಿದ್ದಾರಂತೆ. ಅದೃಷ್ಟ ನನ್ನದು, ಏಕೆಂದರೆ ನಾನು ಸಾಹಿತಿಯಲ್ಲ. ಅರಸೀಕೆರೆ, ಹಾಸನದ ಕೋರ್ಟುಗಳಲ್ಲಿ ಕರಿಕೋಟು ಹಾಕಿಕೊಂಡು ಓಡಾಡಿದವನು. ನಡುವೆ ಒಂದು ಅವಧಿಗೆ ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಕೂತು ಎದ್ದವನು.

ಬೆಳಿಗ್ಗೆ ಸ್ವಲ್ಪ ಮುಂಚೆಯೇ ಬಂದು ಚೆನ್ನಕೇಶವನ ಗುಡಿಗೆ ಒಂದು ಸುತ್ತು ಹಾಕಿದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ. 2023ರ ಸೆಪ್ಟೆಂಬರ್‌ನಲ್ಲಿ ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದ್ದಾರೆ. ಹೊರಗೋಡೆಯ ನರಸಿಂಹನ ಮುಂದೆ ಗೈಡ್ ಒಬ್ಬರು ಒಂದು ಕುಟುಂಬವನ್ನು ನಿಲ್ಲಿಸಿಕೊಂಡು ತೋಳುಗಳನ್ನು ಎಣಿಸಿ ತೋರಿಸುತ್ತಿದ್ದರು. ಎಲ್ಲರ ಮೊಬೈಲೂ ಮೇಲಕ್ಕೆ. ಆ ಕುಟುಂಬದ ಒಂದು ಪುಟ್ಟ ಹುಡುಗಿ ಮಾತ್ರ, "ಇದರಲ್ಲಿ ಪ್ರಹ್ಲಾದ ಎಲ್ಲಿದಾನೆ?" ಎಂದು ಕೇಳಿದಳು. "ಇಲ್ಲೇ ಎಲ್ಲೋ ಇರ್ತಾನೆ ಬಾಮ್ಮ" ಎಂದು ಗೈಡ್ ಮುಂದಕ್ಕೆ ಹೊರಟರು.

ನಾನು ಬರೆದು ತಂದಿದ್ದ ಭಾಷಣವನ್ನು ಅಲ್ಲೇ ಕೈಬಿಟ್ಟೆ. ಪ್ರಹ್ಲಾದನ ಕಥೆಯನ್ನು ಭಕ್ತಿ ಪಕ್ಕಕ್ಕಿಟ್ಟು, ಒಂದು ಕೇಸಿನ ಕಡತದಂತೆ ಓದಿ ನೋಡಿ. ಹೊಡೆಯುವವನು ಸ್ವಂತ ತಂದೆ. ಹುಡುಗನನ್ನು ಆನೆಯ ಕಾಲಿಗೆ ಹಾಕಿದರು, ಹಾವಿನಿಂದ ಕಚ್ಚಿಸಿದರು, ವಿಷ ಉಣ್ಣಿಸಿದರು, ಬೆಟ್ಟದಿಂದ ಉರುಳಿಸಿದರು. ಇದೆಲ್ಲ ಕತ್ತಲೆಯಲ್ಲಿ ನಡೆದದ್ದಲ್ಲ. ಆನೆಗೊಬ್ಬ ಮಾವುತ ಇದ್ದ. ಹಾವು ಹಿಡಿದು ತಂದವನೊಬ್ಬ ಇದ್ದ. ವಿಷ ಬೆರೆಸಿದ ಅಡಿಗೆಯವನಿದ್ದ. ತಾಯಿ ಕಯಾದು ಅದೇ ಮನೆಯಲ್ಲಿದ್ದಳು. ಪಾಠ ಹೇಳಿಕೊಡುತ್ತಿದ್ದ ಚಂಡಾಮರ್ಕರಂತೂ ವರದಿ ಒಪ್ಪಿಸಿದರು, ಆದರೆ ತಂದೆಯ ಮೇಲಲ್ಲ, ಹುಡುಗನ ಮೇಲೆ. ಅಷ್ಟು ಜನಕ್ಕೆ ಗೊತ್ತಿದ್ದ ವಿಷಯಕ್ಕೆ ಕೊನೆಗೆ ಕಂಬವೇ ಒಡೆಯಬೇಕಾಯಿತು.

ನಮ್ಮ ದೇಶದ ಕಾನೂನು ಕಂಬವನ್ನು ನೆಚ್ಚಿಕೊಂಡಿಲ್ಲ. ಅದು ಮಾವುತನನ್ನು ಹಿಡಿದು ಕೇಳುತ್ತದೆ: ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆ, ಅಂದರೆ ಪೋಕ್ಸೊ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. 18 ತುಂಬದ ಎಲ್ಲರೂ ಅದಕ್ಕೆ ಮಕ್ಕಳೇ, ಹೆಣ್ಣಾಗಲಿ ಗಂಡಾಗಲಿ. ಗಂಡುಮಕ್ಕಳ ಮಾತು ಬಂದಾಗ ನಗುವವರು ಈಗಲೂ ಇದ್ದಾರೆ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದವರು ಶೇ. 53.22. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಆ 13ರಲ್ಲಿ ಕರ್ನಾಟಕ ಇರಲಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವವರು ಪಟ್ಟುಕೊಳ್ಳಲಿ.

ಪೋಕ್ಸೊ ಅಂದ ಕೂಡಲೇ ಪೇಪರಿನಲ್ಲಿ ಬರುವುದು ಶಿಕ್ಷೆಯ ವರ್ಷಗಳ ಲೆಕ್ಕ. 2019ರ ತಿದ್ದುಪಡಿಯಲ್ಲಿ ಅತ್ಯಾಚಾರಕ್ಕೆ ಸಮನಾದ ಅಪರಾಧದ ಕನಿಷ್ಠ ಶಿಕ್ಷೆ 7 ವರ್ಷದಿಂದ 10ಕ್ಕೆ ಏರಿತು, ಮಗು 16ಕ್ಕಿಂತ ಚಿಕ್ಕದಾದರೆ 20. ಮರಣದಂಡನೆಯೂ ಸೇರಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 19ನೇ ಕಲಂ. ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದವರು, ನಡೆಯಬಹುದು ಎಂಬ ಅಳುಕಿರುವವರೂ ಸೇರಿ, ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವನು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಮನಸ್ಸಿನಿಂದ ಹೇಳಿದವನ ಮೇಲೆ, ಆಮೇಲೆ ಅದು ಸುಳ್ಳೆಂದು ಕಂಡರೂ, ಕೇಸು ಹಾಕುವಂತಿಲ್ಲ. ಹೇಳದ ಮಗುವಿಗೆ ಯಾವ ಶಿಕ್ಷೆಯೂ ಇಲ್ಲ. "ನಮಗ್ಯಾಕೆ ಊರ ಉಸಾಬರಿ" ಎಂಬ ನಮ್ಮ ಹಳೆಯ ಮಾತು ಆ ದಿನದಿಂದ ಅಪರಾಧವಾಯಿತು. ಆದರೆ ನಮ್ಮ ಹೋಬಳಿಗಳಲ್ಲಿ ಎಷ್ಟು ಮೇಷ್ಟ್ರುಗಳಿಗೆ, ಎಷ್ಟು ಹಾಸ್ಟೆಲ್ ವಾರ್ಡನ್‌ಗಳಿಗೆ, ಎಷ್ಟು ಆರ್‌ಎಂಪಿ ಡಾಕ್ಟರುಗಳಿಗೆ ಇದು ಗೊತ್ತಿದೆ?

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ರಾಜುರಾದಲ್ಲಿ ಶಾಲೆಯೊಂದರ ಬಾಲಕಿಯರ ಹಾಸ್ಟೆಲ್ಲಿನಲ್ಲಿ ಇಂಥ ಅಪರಾಧ ನಡೆಯಿತು. ಮಕ್ಕಳಿಗೆ ಔಷಧಿ ಕೊಡಲೆಂದು ನೇಮಕವಾಗಿದ್ದ ವೈದ್ಯರ ಮೇಲೆ, ಗೊತ್ತಿದ್ದೂ ತಿಳಿಸಲಿಲ್ಲ ಎಂದು ಕೇಸಾಯಿತು. ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ರದ್ದು ಮಾಡಿತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಗಂಭೀರ ಅಪರಾಧ, ಬಹಳಷ್ಟು ಸಲ ಅದು ಮಾಡಿದವನನ್ನು ಕಾಪಾಡುವ ಪ್ರಯತ್ನವೇ ಆಗಿರುತ್ತದೆ ಎಂದಿತು. ಮಾವುತನ ಕೇಸು ಕಡೆಗೂ ವಿಚಾರಣೆಗೆ ಬಂತು ಅನ್ನಿ.

ಸರಿ, ಯಾರೋ ಹೇಳಿದರು. ಆಮೇಲೆ? ಕಾನೂನು ಇಲ್ಲಿ ನಿಜಕ್ಕೂ ತಾಯಿಯ ಹಾಗೆ ಯೋಚಿಸಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ, ಇಲ್ಲವೇ ಅದು ಹೇಳಿದ ಜಾಗದಲ್ಲಿ ಬರೆದುಕೊಳ್ಳಬೇಕು. ಆದಷ್ಟೂ ಹೆಣ್ಣು ಸಬ್ ಇನ್‌ಸ್ಪೆಕ್ಟರ್ ಬರಬೇಕು, ಸಮವಸ್ತ್ರ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಕೋರ್ಟಿನಲ್ಲಿ ಆರೋಪಿ ಅದರ ಕಣ್ಣಿಗೆ ಬೀಳಬಾರದು. ವಕೀಲರು, ಅಂದರೆ ನಮ್ಮಂಥವರು, ಮಗುವನ್ನು ನೇರ ಪ್ರಶ್ನಿಸುವ ಹಾಗಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ತಿಳಿಯುವ ಮಾತಿನಲ್ಲಿ ಕೇಳುತ್ತಾರೆ. ನಮ್ಮ ಕಸುಬಿನವರ ಜಂಬಕ್ಕೆ ಬಿದ್ದ ಒಳ್ಳೆಯ ಪೆಟ್ಟು ಅದು. ಮಗುವಿನ ಸಾಕ್ಷ್ಯ 30 ದಿನದೊಳಗೆ ಮುಗಿಯಬೇಕು, ವಿಚಾರಣೆ ಆದಷ್ಟೂ ಒಂದು ವರ್ಷದಲ್ಲಿ.

ಇನ್ನು ನಾನು ಕಂಡದ್ದು. ಊರಿನ ಹೆಸರು ಬೇಡ. ಮಹಿಳಾ ಪಿಎಸ್‌ಐ ಒಬ್ಬರು ಹೇಳಿಕೆ ಬರೆದುಕೊಳ್ಳಲು ಒಂದು ಹುಡುಗಿಯ ಮನೆಗೆ ಬಂದರು. ಕಾಯ್ದೆಯಲ್ಲಿರುವಂತೆ ಚೂಡಿದಾರ್ ಹಾಕಿಕೊಂಡೇ ಬಂದಿದ್ದರು. ಮಾತು ಮೆದು, ಮಗುವಿನ ಜೊತೆ ನೆಲದ ಮೇಲೇ ಕೂತರು. ಆದರೆ ಅವರು ಬಂದದ್ದು ಇಲಾಖೆಯ ಜೀಪಿನಲ್ಲಿ. ಅದು ಬಾಗಿಲ ಮುಂದೆ ಒಂದೂವರೆ ಗಂಟೆ ನಿಂತಿತ್ತು. ಎದುರು ಮನೆಯವರು ಕಡ್ಲೆಕಾಯಿ ಬಿಡಿಸುವ ನೆಪದಲ್ಲಿ ಜಗಲಿಗೆ ಬಂದು ಕೂತರು. ಹೈಸ್ಕೂಲು ಹುಡುಗರು ಸೈಕಲ್ ನಿಲ್ಲಿಸಿಕೊಂಡರು. ಸಂಜೆಯ ಹೊತ್ತಿಗೆ ಡೇರಿಯಲ್ಲಿ ಅದೇ ಸುದ್ದಿ. ಸಮವಸ್ತ್ರ ತೆಗೆಸಿದ ಕಾನೂನಿಗೆ ಜೀಪು ನೆನಪಾಗಲಿಲ್ಲ. ಆ ಅಧಿಕಾರಿಯನ್ನು ನಾನು ದೂರುವುದಿಲ್ಲ. ಬೇರೆ ಗಾಡಿ ಅವರಿಗೆ ಯಾರು ಕೊಡುತ್ತಾರೆ?

ಅಲ್ಲಿಂದಾಚೆ ಶುರುವಾಗುವುದೇ ರಾಜಿ ಪಂಚಾಯ್ತಿ. "ಹುಡುಗಿಗೆ ನಾಳೆ ಮದುವೆ ಆಗಬೇಕಲ್ವಾ", "ಅವನೂ ನಮ್ಮ ಪೈಕಿಯವನೇ", "ಆಸ್ಪತ್ರೆ ಖರ್ಚು ಅವರೇ ನೋಡ್ಕೋತಾರಂತೆ". ಕಾಯ್ದೆಯಲ್ಲಿ ರಾಜಿಗೆ ಜಾಗವಿಲ್ಲ. ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲೆ ದಾಖಲಾದ ಕೇಸಿನಲ್ಲಿ, ತಪ್ಪು ತಿಳಿವಳಿಕೆಯಿಂದ ದೂರು ಕೊಟ್ಟೆವು ಎಂದು ಹುಡುಗಿಯ ಅಪ್ಪ ಛಾಪಾ ಕಾಗದದ ಮೇಲೆ ಬರೆದುಕೊಟ್ಟ. ಹೈಕೋರ್ಟು ಒಪ್ಪಿ ಕೇಸು ಕೈಬಿಟ್ಟಿತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿ ಕೇಸು ನಡೆಯಲೇಬೇಕು ಎಂದಿತು. ಇಂಥ ಅಪರಾಧ ಎರಡು ಮನೆಗಳ ನಡುವಿನ ವ್ಯಾಜ್ಯವಲ್ಲ, ಬದುವಿನ ಜಗಳದ ಹಾಗೆ ಮುಗಿಸಿಕೊಳ್ಳುವಂಥದ್ದಲ್ಲ. ಆದರೆ ಕೋರ್ಟಿನ ಕಟಕಟೆಯಲ್ಲಿ ಮಗು "ಏನೂ ಆಗಲಿಲ್ಲ" ಎಂದುಬಿಟ್ಟರೆ ಯಾವ ಕೋರ್ಟು ಏನು ಮಾಡೀತು? ಹೀಗಾಗದಿರಲೆಂದೇ 2020ರ ನಿಯಮಗಳಲ್ಲಿ ಬೆಂಬಲ ವ್ಯಕ್ತಿ ಎಂಬವರನ್ನು ಇಟ್ಟಿದ್ದಾರೆ. ಕೇಸು ಮುಗಿಯುವವರೆಗೆ ಮಗುವಿನ ಪಕ್ಕ ನಿಲ್ಲುವವರು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು, ಸಮಿತಿ ಇವರನ್ನು ಕೊಡಬೇಕು, ಊಟ ಬಟ್ಟೆ ಓಡಾಟಕ್ಕೆ ತುರ್ತು ಹಣವನ್ನೂ ಶಿಫಾರಸು ಮಾಡಬಹುದು. ಒಳ್ಳೆಯ ಬೆಂಬಲ ವ್ಯಕ್ತಿ ಸಿಕ್ಕ ಮಗು ಕಟಕಟೆಯಲ್ಲಿ ನಿಂತು ಹೇಳಿದ್ದನ್ನು ಕೇಳಿದ್ದೇನೆ. ಸಿಗದ ಮಗು ಹೇಳದೆ ಹೋದದ್ದನ್ನೂ ನೋಡಿದ್ದೇನೆ.

ಹೊಡೆತದ ಬಗ್ಗೆ ಒಂದೆರಡೇ ಮಾತು. ಇಲ್ಲಿ ನರೆತ ತಲೆಗಳು ಬಹಳ ಇವೆ. ಕೂಲಿಮಠದ ಕೋದಂಡದ ಕಥೆಯನ್ನು ನಿಮ್ಮ ಅಜ್ಜಂದಿರು ಹೇಳಿರುತ್ತಾರೆ. ತೊಲೆಗೆ ಹಗ್ಗ ಕಟ್ಟಿ ಹುಡುಗನನ್ನು ತೂಗುಬಿಡುವುದು. "ಛಡಿ ಚಂ ಚಂ ವಿದ್ಯಾ ಘಂ ಘಂ" ಎಂದು ನಾವೇ ನಗುತ್ತಾ ಹೇಳಿಕೊಂಡು ಬಂದೆವು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಆದರೆ ಬ್ರಿಟಿಷರ 1860ರ ದಂಡಸಂಹಿತೆಯಲ್ಲಿ, 12 ವರ್ಷದೊಳಗಿನ ಮಗುವಿನ ಒಳ್ಳೆಯದಕ್ಕೆಂದು ಪೋಷಕರು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂಬ ಕಲಂ ಇತ್ತು. 2024ರ ಜುಲೈ 1ಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಹಾಗೇ ಉಳಿದಿದೆ, ನಂಬರ್ ಮಾತ್ರ 89 ಹೋಗಿ 27 ಆಗಿದೆ. ಬೆತ್ತ ಶಾಲೆಯ ಗೇಟು ದಾಟಿ ಹೊರಗೆ ಹೋಗಿದೆ, ಮನೆಯ ಬಾಗಿಲೊಳಗೆ ಇನ್ನೂ ಇದೆ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯಕ್ಕೆ ಬರುತ್ತೇನೆ: ನಿರ್ಲಕ್ಷ್ಯ.

2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ತನ್ನ ಸುಪರ್ದಿಯಲ್ಲಿರುವ ಮಗುವನ್ನು ಹೊಡೆದ, ತೊರೆದ, ಬೇಕೆಂದೇ ನಿರ್ಲಕ್ಷಿಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ ಎನ್ನುತ್ತದೆ. ಮಗುವನ್ನು ನೋಡಿಕೊಳ್ಳುವ ಸಂಸ್ಥೆಯವರೇ ಮಾಡಿದರೆ ಐದು ವರ್ಷದವರೆಗೆ, ಐದು ಲಕ್ಷದವರೆಗೆ. "ಬೇಕೆಂದೇ" ಎಂಬ ಆ ಒಂದು ಮಾತಿನ ಮೇಲೆ ಇಡೀ ಕಲಂ ನಿಂತಿದೆ. ಹೆತ್ತವರು ತಮ್ಮ ಕೈಮೀರಿದ ಕಾರಣಕ್ಕೆ ಮಗುವನ್ನು ಬಿಟ್ಟರೆ ಅದು ಬೇಕೆಂದು ಮಾಡಿದ್ದಲ್ಲ ಎಂದು ಕಾಯ್ದೆಯೇ ಹೇಳುತ್ತದೆ.

ಒಂದು ಕಾಫಿ ಹಣ್ಣಿನ ಕಾಲ. ಬೇಲೂರಿನ ಮಲೆನಾಡು ಸೀಮೆಯ ಒಂದು ತೋಟದ ಲೈನಿನಲ್ಲಿ, ಹೊರಗಿನಿಂದ ಬೀಗ ಹಾಕಿದ ಮನೆಯೊಳಗೆ ಎರಡು ಮಕ್ಕಳು. ಅಕ್ಕನಿಗೆ ಐದು, ತಮ್ಮನಿಗೆ ಒಂದೂವರೆ. ತಮ್ಮ ಒಲೆಯ ಕೆಂಡ ಮುಟ್ಟಿ ಕಿರುಚಿಕೊಂಡಾಗ ಪಕ್ಕದ ಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ಮರುದಿನ ತಾಯಿ, ಮಕ್ಕಳು ಸಮಿತಿಯ ಮುಂದೆ. ಮಗುವಿನ ಅಂಗೈಗೆ ಪಟ್ಟಿ. ತಾಯಿ ಉತ್ತರ ಕರ್ನಾಟಕದವಳು, ಸೀಸನ್ನಿಗೆ ಬಂದವಳು. ಹಣ್ಣು ಕುಯ್ಯುವ ಕೆಲಸಕ್ಕೆ ಕೂಲಿ ಕಿಲೋ ಲೆಕ್ಕ. ಮಗು ಸೊಂಟದ ಮೇಲಿದ್ದರೆ ಬುಟ್ಟಿ ತುಂಬುವುದಿಲ್ಲ.

ನಾವು ಐದು ಜನ ಕೂತಿದ್ದೆವು, ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು. ಆ ಪೀಠಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರ. ಒಬ್ಬರು, ಬಾಲಮಂದಿರಕ್ಕೆ ಕಳಿಸೋಣ, ಬೀಗ ಹಾಕಿ ಹೋಗುವ ತಾಯಿಯ ಬಳಿ ಬಿಟ್ಟರೆ ನಾಳೆ ಹೆಣ ಬಂದೀತು ಎಂದರು. ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ನಾನೂ ಹ್ಞೂಂ ಅಂದಿದ್ದೆ. ಯಾಕಮ್ಮಾ ಬೀಗ ಹಾಕಿದೆ ಎಂದು ಕೇಳುವುದೂ ನಮಗೆ ಹೊಳೆದಿರಲಿಲ್ಲ. ಕೇಳಿದವರು ಸಮಿತಿಯ ಹೆಣ್ಣುಮಗಳು.

"ಕೀಲಿ ಹಾಕ್ಲಿಲ್ಲಂದ್ರ ಹುಡುಗ್ರು ಹೊರಗ ಬರ್ತಾವ್ರೀ ಅಕ್ಕಾರ. ತ್ವಾಟದಾಗ ಆನಿ ಅದಾವ್ರಿ" ಎಂದಳು.

ಈ ಸೀಮೆಯವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೇಲೂರು, ಸಕಲೇಶಪುರ, ಆಲೂರು ಕಡೆ ಬೆಳಿಗ್ಗೆ ಎದ್ದ ಕೂಡಲೇ ವಾಟ್ಸಾಪ್‌ನಲ್ಲಿ ನೋಡುವುದೇ ಆನೆ ಯಾವ ತೋಟದಲ್ಲಿದೆ ಎಂದು. ಆ ಬೀಗ ನಿರ್ಲಕ್ಷ್ಯವಲ್ಲ, ಅವಳ ಕೈಲಾದ ರಕ್ಷಣೆ ಅದು. ಸಂಸ್ಥೆಗೆ ಸೇರಿಸುವುದು ಎಲ್ಲ ದಾರಿ ಮುಚ್ಚಿದ ಮೇಲಿನ ದಾರಿ ಎಂದು ಬಾಲನ್ಯಾಯ ಕಾಯ್ದೆಯ 3ನೇ ಕಲಂ ಹೇಳುವುದು ಇಂಥವರಿಗಾಗಿಯೇ. ಮಕ್ಕಳು ತಾಯಿಯ ಜೊತೆ ಹೋದರು. ಹತ್ತಿರದ ಅಂಗನವಾಡಿಗೆ ಚೀಟಿ ಬರೆದೆವು, ತೋಟದ ಮಾಲೀಕರನ್ನು ಕರೆಸಿ ಮಾತಾಡಿದೆವು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಶಿಶುಮನೆ ಕೇಳುತ್ತಿದ್ದದ್ದು 50 ಹೆಣ್ಣಾಳಿರುವಂಥ ದೊಡ್ಡ ತೋಟಗಳಿಂದ, ಈ ಕಡೆಯ ಸಣ್ಣ ಹಿಡುವಳಿಗಳು ಅದರ ಲೆಕ್ಕಕ್ಕೇ ಬರುತ್ತಿರಲಿಲ್ಲ. ಈಗ ಗ್ರಾಮ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಶುರುವಾಗಿದೆ. ನನ್ನ ಕೇಳಿದರೆ, ಹತ್ತು ಹೊಸ ಶಿಕ್ಷೆಯ ಕಲಮುಗಳಿಗಿಂತ ಹಣ್ಣಿನ ಕಾಲದಲ್ಲಿ ಬಾಗಿಲು ತೆರೆದಿರುವ ಒಂದು ಕೂಸಿನ ಮನೆ ಹೆಚ್ಚು ಮಕ್ಕಳನ್ನು ಕಾಪಾಡುತ್ತದೆ.

ಮನೆಯೊಳಗಿನ ವಿಷಯಕ್ಕೆ ಸರ್ಕಾರ ಯಾಕೆ ಕೈಹಾಕಬೇಕು ಎಂದು ಕೇಳುವವರಿದ್ದಾರೆ. ಈ ಜಗಳ ಹಳೆಯದು, ನಮ್ಮ ಮೈಸೂರಿನಲ್ಲೇ ಆಡಿ ಮುಗಿಸಿದ್ದು. ಚಾಮರಾಜೇಂದ್ರ ಒಡೆಯರ ಕಾಲ, ಶೇಷಾದ್ರಿ ಅಯ್ಯರ್ ದಿವಾನರು. 1894ರಲ್ಲಿ ಮೈಸೂರು ಸಂಸ್ಥಾನ ಶಿಶುವಿವಾಹ ತಡೆಯುವ ಕಾನೂನು ತಂದಿತು. 8 ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಕೂಡದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಇವತ್ತು ಓದಿದರೆ ಎದೆ ಝಲ್ಲೆನ್ನುತ್ತದೆ. ಎಂಟು ವರ್ಷ! ಆದರೆ ಬ್ರಿಟಿಷ್ ಇಂಡಿಯಾಕ್ಕೆ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ, ಅಂದರೆ 35 ವರ್ಷ ಆಮೇಲೆ. ಅರಸೀಕೆರೆ, ಬೇಲೂರಿನ ಪುರೋಹಿತರಿಗೆ ಅಷ್ಟು ಮೊದಲೇ, ಮುಹೂರ್ತ ನೋಡುವ ಮುನ್ನ ವಯಸ್ಸು ನೋಡಿ ಎಂದು ಸರ್ಕಾರ ಹೇಳಿತ್ತು.

ಈಗ ಹೆಣ್ಣಿಗೆ 18, ಗಂಡಿಗೆ 21. 2006ರ ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ತಾನಾಗಿ ಬಿದ್ದುಹೋಗುವುದಿಲ್ಲ, ಆ ಹುಡುಗಿಯೋ ಹುಡುಗನೋ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಹೈಕೋರ್ಟಿನ ಆದೇಶದ ಮೇಲೆ ರಚನೆಯಾದ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ ತನ್ನದೇ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ತಾಳಿ ಕಟ್ಟಿದರೂ ಕಟ್ಟದ ಹಾಗೆ.

ಕಾಗದದ ಮೇಲೆ ಅಸಿಂಧುವಾದದ್ದು ಬದುಕಿನಲ್ಲಿ ಏನಾಗುತ್ತದೆ? ತಾಯಿ ಕಾರ್ಡಿನಲ್ಲಿ 19, ಶಾಲೆಯ ಟಿ.ಸಿ.ಯಲ್ಲಿ 16 ಇದ್ದ ಹುಡುಗಿಯೊಬ್ಬಳು ನಮ್ಮ ಮುಂದೆ ಬಂದಳು. ಬಸುರಿ. ಆಸ್ಪತ್ರೆಯವರು 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಿದ್ದರು, ತಿಳಿಸಲೇಬೇಕಿತ್ತು. ವಯಸ್ಸಿಗೆ ಶಾಲೆಯ ದಾಖಲೆಯೇ ಮೊದಲ ಸಾಕ್ಷಿ. (ನಮ್ಮ ತಲೆಮಾರಿನ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದವರು, ಒಂದನೇ ಕ್ಲಾಸಿನ ಮೇಷ್ಟ್ರ ಕೃಪೆ. ನಮ್ಮ ಕೇಸಾಗಿದ್ದರೆ ಏನು ಗತಿಯೋ.) ಮೆಚ್ಚಿ ಮದುವೆಯಾದ 22ರ ಹುಡುಗ ಜೈಲಿನಲ್ಲಿ, ಇವಳು ಬಾಲಮಂದಿರದಲ್ಲಿ. ಹೆಂಡತಿಯ ವಯಸ್ಸು 18 ತುಂಬದಿದ್ದರೆ ಗಂಡನಿಗೂ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಅಕ್ಟೋಬರ್ 11ರಂದು ಹೇಳಿದೆ. ನಾನು ಆ ತೀರ್ಪಿನ ಪರವೇ. ಆದರೆ ಆ ಹುಡುಗಿ ನಮ್ಮನ್ನು ರಕ್ಷಕರ ಹಾಗೆ ನೋಡಲಿಲ್ಲ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಕೇಸೊಂದರಲ್ಲಿ, ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಎಂದು ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ತನ್ನ 283ನೇ ವರದಿ ಕೊಟ್ಟಿತು. 18 ಅನ್ನು ಇಳಿಸುವುದು ಬೇಡ, 16ರಿಂದ 18ರ ನಡುವಿನ ಕೇಸುಗಳಲ್ಲಿ ಶಿಕ್ಷೆಯ ವಿಷಯಕ್ಕೆ ನ್ಯಾಯಾಧೀಶರಿಗೆ ಸ್ವಲ್ಪ ವಿವೇಚನೆ ಇರಲಿ ಎಂದಿತು. ವಯಸ್ಸು ಇಳಿಸಿದರೆ ಬಾಲ್ಯವಿವಾಹ ಮಾಡಿಸುವವರಿಗೆ ಹಬ್ಬ, ಹಾಗೇ ಬಿಟ್ಟರೆ ಇಂಥ ಹುಡುಗಿಯರಿಗೆ ಸಂಕಟ. ಇದಕ್ಕೆ ನನ್ನ ಬಳಿ ಉತ್ತರವಿಲ್ಲ, ಇದೆ ಎಂದು ನಟಿಸುವುದೂ ಇಲ್ಲ.

ಸಮಯ ಮೀರಿತು ಎಂದು ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಅರಸೀಕೆರೆ ಕಡೆಯಿಂದ ಬಂದು ಕೂತವರಿಗೆ ಒಂದು ಮಾತು ಬಾಕಿ ಇದೆ.

ಹುಬ್ಬಳ್ಳಿ, ಬೆಂಗಳೂರು, ಮೈಸೂರು, ಮೂರು ಕಡೆಯ ಗಾಡಿಗಳು ಸೇರುವ ಜಂಕ್ಷನ್ ನಿಮ್ಮದು. ಮನೆ ಬಿಟ್ಟು ಬಂದ ಮಕ್ಕಳು ಇಳಿಯುವುದೂ ಇಂಥ ಕಡೆಯೇ. 1098 ಎಂಬ ನಂಬರ್ 1996ರಲ್ಲಿ ಮುಂಬಯಿಯಲ್ಲಿ ಹುಟ್ಟಿದ್ದು ಬೀದಿಯಲ್ಲಿ, ಪ್ಲಾಟ್‌ಫಾರ್ಮಿನಲ್ಲಿ ಮಲಗುವ ಮಕ್ಕಳಿಗಾಗಿ. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಆಯಿತು. 2023ರಿಂದ ಸರ್ಕಾರವೇ ನಡೆಸುತ್ತಿದೆ. ಸಿಕ್ಕ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು.

ಹಾಗೆ ಬಂದ ಒಬ್ಬ ಹುಡುಗನ ತೊಡೆಯ ಮೇಲೆ ಬರೆ ಎಳೆದ ಗುರುತುಗಳಿದ್ದವು, ಹಳೆಯವೂ ಹೊಸವೂ. ಹನ್ನೊಂದು ವರ್ಷ ಇರಬಹುದು. ಎರಡು ದಿನ ಬಾಯಿಬಿಡಲಿಲ್ಲ. ಫೋನ್ ಮಾಡಿದ್ದು ಪ್ಲಾಟ್‌ಫಾರ್ಮಿನಲ್ಲಿ ಟೀ ಮಾರುವ ಒಬ್ಬರು. ಕೆಲವು ದಿನ ಆದಮೇಲೆ ನಾನೇ ಹುಡುಕಿಕೊಂಡು ಹೋಗಿ ಕೇಳಿದೆ, ಏನಣ್ಣ, ಗಾಯ ನೋಡಿ ಗೊತ್ತಾಯ್ತಾ ಎಂದು.

"ಗಾಯ ಎಲ್ಲಿ ಕಾಣ್ತಿತ್ತು ಸಾರ್, ಚಡ್ಡಿ ಒಳಗೆ. ಬೆಂಚ್ ಮೇಲೆ ಕೂತಿದ್ದ. ಮೂರು ಗಾಡಿ ಬಂದ್ವು, ಮೂರು ಗಾಡಿ ಹೋದ್ವು. ಹುಡುಗ ಏಳ್ಲೇ ಇಲ್ಲ" ಎಂದು ಹೇಳಿ, ಕೋರ್ಟಿಗೆ ಏನಾದರೂ ಬರಬೇಕಾಗುತ್ತಾ ಎಂದು ಕೇಳಿದರು. ಅಷ್ಟರಲ್ಲಿ ಮೈಸೂರು ಗಾಡಿ ಬಂತು. ನನ್ನ ಉತ್ತರಕ್ಕೂ ಕಾಯದೆ ಕ್ಯಾನು ಎತ್ತಿಕೊಂಡು ಓಡಿದರು.